ಒರೆಸದ ಸಾಲು

ಹೋದ ವರ್ಷ ಮಹಾರಾಷ್ಟ್ರದ ಮಗ್ಗಗಳ ಊರಾದ ಇಚಲಕರಂಜಿಯ ಒಂದು ಇಂಗ್ಲಿಷ್ ಮಾಧ್ಯಮ ಶಾಲೆಗೆ ಶಿಕ್ಷಕಿಯ ಕೆಲಸ ಕೇಳಿಕೊಂಡು ಹೋಗಿದ್ದೆ. ಆ ಕೆಲಸ ನನಗೆ ಬೇಕೇ ಬೇಕಿತ್ತು. ಗಡಹಿಂಗ್ಲಜದ ನಮ್ಮ ಪಡಸಾಲೆಯಲ್ಲಿ ಟ್ಯೂಷನ್ ಹೇಳಿ ಹೇಳಿ ಸಾಕಾಗಿತ್ತು. ಆರನೆಯ ತರಗತಿಗೆ ಇಂಗ್ಲಿಷ್ ವ್ಯಾಕರಣದ ಐದರ್, ನೈದರ್ ಪಾಠ ಮಾಡಿ ತೋರಿಸಿ ಎಂದರು ಮುಖ್ಯಾಧ್ಯಾಪಕರು. ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ನಡೆಯುವುದಿಲ್ಲ ಎಂಬುದನ್ನು ಮರಾಠಿಯಲ್ಲಿ ಹೇಳಿ, ಹಿಂದಿನ ಬೆಂಚಿನಲ್ಲಿ ಕೂತರು.

ಇಂಗ್ಲಿಷಿನಲ್ಲೇ ಶುರು ಮಾಡಿದೆ. ಮಕ್ಕಳು ನಿಯಮವನ್ನು ಗಿಳಿಪಾಠದಂತೆ ಒಪ್ಪಿಸಿದರು. ಮುಂದಿನ ಸಾಲಿನ ಒಬ್ಬ ಹುಡುಗಿ ಮಾತ್ರ ತಲೆ ತಗ್ಗಿಸಿದ್ದಳು. ಪಕ್ಕದವಳ ಕಿವಿಯಲ್ಲಿ ಅವಳು ಪಿಸುಗುಟ್ಟಿದ್ದು ಕನ್ನಡ. ಮಗ್ಗದ ಕೆಲಸಕ್ಕೆಂದು ಬಂದ ನಮ್ಮ ಕಡೆಯ ಕನ್ನಡದವರ ಮಗಳೇ ಇರಬೇಕು! ನನಗೆ ತಡೆಯಲಾಗಲಿಲ್ಲ, ಕನ್ನಡದಲ್ಲೇ ಹೇಳಿದೆ.

"ಮನಿಗೆ ಬಂದವರಿಗೆ ಚಹಾ ಬೇಕೋ ಸರಬತ್ತು ಬೇಕೋ ಅಂತ ಕೇಳ್ತೀ. ಎರಡರಾಗ ಯಾವುದಾದ್ರೂ ನಡೀತೈತಿ ಅಂದ್ರ ಐದರ್. ಎರಡೂ ಬ್ಯಾಡ ಅಂದ್ರ ನೈದರ್. ತಿಳೀತೇನವಾ?"

"ಎರಡೂ ಬ್ಯಾಡಂದ್ರ ನಮ್ಮವ್ವ ಬಿಡಂಗಿಲ್ರಿ ಟೀಚರ್" ಎಂದಳು.

ಹುಡುಗರು ನಕ್ಕರು, ನಾನೂ ನಕ್ಕೆ. ಹಿಂದಿನ ಬೆಂಚಿನಿಂದ ಮುಖ್ಯಾಧ್ಯಾಪಕರ ಕೆಮ್ಮು ಕೇಳಿಸಿತು. ಕೆಮ್ಮಲಿ ಬಿಡು ಎಂದುಕೊಂಡೆ. ನೈದರ್ ಆಫ್ ಎಂದಾಗ ಇಬ್ಬರಿದ್ದರೂ ಕ್ರಿಯಾಪದ ಏಕವಚನ ಎಂದು ತಿಳಿಸಿ, ಅವಳ ಕೈಗೆ ಚಾಕ್ ಕೊಟ್ಟು, ನಿನ್ನದೇ ಒಂದು ವಾಕ್ಯ ಬರೆ ಎಂದೆ.

ಅವಳು ದಪ್ಪಕ್ಷರದಲ್ಲಿ ಬರೆದಳು: ನೈದರ್ ಆಫ್ ಮೈ ಪೇರೆಂಟ್ಸ್ ಸ್ಪೀಕ್ಸ್ ಇಂಗ್ಲಿಷ್. ಅಪ್ಪ, ಅವ್ವ ಇಬ್ಬರಿಗೂ ಇಂಗ್ಲಿಷ್ ಬರುವುದಿಲ್ಲ. ಬರೆದು ನನ್ನತ್ತ ತಿರುಗಿದಳು. ಮುಖದಲ್ಲಿ ಅಂಜಿಕೆಯಿರಲಿಲ್ಲ. ಸಂತೋಷದಿಂದ ನಾನು ಚಪ್ಪಾಳೆ ತಟ್ಟಿದೆ.

ಮುಖ್ಯಾಧ್ಯಾಪಕರು ಎದ್ದು ಬಂದು ನನ್ನ ಕೈಗೆ ಡಸ್ಟರ್ ಕೊಟ್ಟರು. ಮಧ್ಯಾಹ್ನ ಇದೇ ಕೋಣೆಯಲ್ಲಿ ಪಾಲಕರ ಸಭೆಯಿದೆ, ದೊಡ್ಡ ಮನೆಯವರೆಲ್ಲ ಬರುತ್ತಾರೆ, ಒರೆಸಿ ಎಂದರು. ಮೈಯೆಲ್ಲ ಉರಿಯಿತು. ತಪ್ಪೆಲ್ಲಿದೆ ತೋರಿಸಿ, ಒರೆಸುತ್ತೇನೆ ಎಂದೆ, ಅವರು ಬಯಸಿದ ಇಂಗ್ಲಿಷಿನಲ್ಲೇ. ಅವರು ಬೋರ್ಡು ನೋಡಿದರು. ಪ್ರಶ್ನೆ ತಪ್ಪಿನದಲ್ಲ, ಶಾಲೆಯ ಮರ್ಯಾದೆಯದು ಎಂದರು.

"ಹಾಗಾದರೆ ನೀವೇ ಒರೆಸಿ" ಎಂದು ಡಸ್ಟರನ್ನು ಅವರ ಕೈಗೇ ತುರುಕಿ ಚೀಲ ಎತ್ತಿಕೊಂಡೆ. ಕೆಲಸ ಅಲ್ಲಿಗೇ ಹೋಯಿತು, ಗೊತ್ತಿದ್ದೇ ಕಳೆದುಕೊಂಡೆ.

ಬಾಗಿಲಲ್ಲಿ ತಿರುಗಿ ನೋಡಿದೆ. ಹುಡುಗಿ ತನ್ನ ವಾಕ್ಯಕ್ಕೆ ಅಡ್ಡವಾಗಿ, ಬೋರ್ಡಿಗೆ ಬೆನ್ನು ಕೊಟ್ಟು ನಿಂತಿದ್ದಳು. ಪಕ್ಕಕ್ಕೆ ಹೋಗು ಎಂದು ಮುಖ್ಯಾಧ್ಯಾಪಕರು ಡಸ್ಟರ್ ಹಿಡಿದು ಗದರಿದರೂ ಕದಲಲಿಲ್ಲ.