ಅಡ್ಜಸ್ಟ್ ಎಂಬ ಪದ

ಕಂಪ್ಯೂಟರ್ ಭಾಷೆಯೊಂದಕ್ಕೆ ಹೊಸ ಪದ ಸೇರಿಸುವುದು ಸಣ್ಣ ಕೆಲಸವಲ್ಲ. ಸೇರಿಸಿದ್ದನ್ನು ಆಮೇಲೆ ತೆಗೆಯುವುದು ಇನ್ನೂ ಕಷ್ಟ, ಯಾಕೆಂದರೆ ಅಷ್ಟರಲ್ಲಿ ಯಾರೋ ಅದನ್ನು ನೆಚ್ಚಿಕೊಂಡು ಏನಾದರೂ ಬರೆದಿರುತ್ತಾರೆ. ಹಾಗಾಗಿ ನಾನೂ ನನ್ನ ಗೆಳೆಯನೂ ಸೇರಿ ಕಟ್ಟಿದ ಪುಟ್ಟ ಭಾಷೆಯಲ್ಲಿ ಪದಗಳು ಬಹಳ ಕಮ್ಮಿ. ಒಂದೊಂದಕ್ಕೂ ವಾರಗಟ್ಟಲೆ ಜಗಳವಾಡಿದ್ದೇವೆ.

ನಮ್ಮದು ಫಂಕ್ಷನಲ್ ಬಗೆಯ ಭಾಷೆ. ಸಾಮಾನ್ಯ ಭಾಷೆಗಳಲ್ಲಿ ಯಂತ್ರಕ್ಕೆ ಇದನ್ನು ಮಾಡು, ಆಮೇಲೆ ಅದನ್ನು ಮಾಡು, ಈ ಡಬ್ಬಿಯಲ್ಲಿ ಇರುವುದನ್ನು ತೆಗೆದು ಬೇರೆಯದನ್ನು ಇಡು ಎಂದು ಹೇಳುತ್ತಾ ಹೋಗುತ್ತೇವೆ. ಫಂಕ್ಷನಲ್ ಭಾಷೆಯಲ್ಲಿ ಯಾವುದು ಏನು ಎಂದಷ್ಟೇ ಹೇಳುತ್ತೇವೆ, ಗಣಿತದಲ್ಲಿ ಹೇಳುವ ಹಾಗೆ. ಒಮ್ಮೆ ಹೇಳಿದ್ದು ಹೇಳಿದ್ದೇ. ಹಿಂಬಾಗಿಲಿನಿಂದ ಬಂದು ಯಾರೂ ಅದನ್ನು ಬದಲಿಸುವಂತಿಲ್ಲ. ಅದೇ ಪ್ರಶ್ನೆ ಕೇಳಿದರೆ ಯಾವತ್ತೂ ಅದೇ ಉತ್ತರ. ಈ ಒಂದು ಗುಣಕ್ಕೆ ಮನಸೋತು ನಾನು ಡಾಕ್ಟರೇಟ್ ಮಾಡಿದೆ, ಕೆಲವು ವರ್ಷ ಕಾಲೇಜೊಂದರಲ್ಲಿ ಪಾಠ ಹೇಳಿದೆ, ಆಮೇಲೆ ಅದನ್ನು ಬಿಟ್ಟು ಗೆಳೆಯನ ಜೊತೆ ಕತ್ರಿಗುಪ್ಪೆಯಲ್ಲಿ ಜ್ಯೂಸ್ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ ಕೂತೆ. ಕೆಳಗೆ ಮಿಕ್ಸಿ ತಿರುಗುವಾಗ ನಮ್ಮ ಮಾತು ನಿಲ್ಲುತ್ತಿತ್ತು, ನಿಂತಾಗ ಮುಂದುವರಿಯುತ್ತಿತ್ತು.

ಜಯನಗರದ ಒಂದು ಖಾಸಗಿ ನರ್ಸಿಂಗ್ ಹೋಮ್ ನಮ್ಮ ಭಾಷೆಯನ್ನು ಬಳಸಲು ಒಪ್ಪಿತು. ಕೆಲಸ ಇಷ್ಟೆ: ನರ್ಸ್‌ಗಳ ಪಾಳಿ ಪಟ್ಟಿ ತಯಾರಿಸುವುದು. ಯಾರು ಯಾವ ದಿನ ಬೆಳಿಗ್ಗೆ ಬರಬೇಕು, ಯಾರು ರಾತ್ರಿ, ಯಾರಿಗೆ ಯಾವಾಗ ರಜೆ. ನಿಯಮಗಳನ್ನು ನಮ್ಮ ಭಾಷೆಯಲ್ಲಿ ಬರೆದುಕೊಟ್ಟರೆ ಅವೆಲ್ಲವನ್ನೂ ಪಾಲಿಸುವ ಪಟ್ಟಿಯನ್ನು ಯಂತ್ರ ಹುಡುಕಿಕೊಡುತ್ತದೆ. ನಿಯಮ ಬರೆಯುವವರು ನಾವಲ್ಲ, ಅಲ್ಲಿನ ನರ್ಸಿಂಗ್ ಇನ್‌ಚಾರ್ಜ್. ನನ್ನ ಸಂಶೋಧನೆಯ ಪ್ರಶ್ನೆಯೇ ಅದಾಗಿತ್ತು. ಪ್ರೋಗ್ರಾಮಿಂಗ್ ಕಲಿಯದವರು ಇಂಥ ಭಾಷೆಯಲ್ಲಿ ತಮ್ಮ ಕೆಲಸದ ನಿಯಮಗಳನ್ನು ತಾವೇ ಬರೆಯಬಲ್ಲರೆ?

ಇನ್‌ಚಾರ್ಜ್ ಧಾರವಾಡದ ಕಡೆಯವರು. ಬಿಟಿಎಂನಲ್ಲಿ ಬಾಡಿಗೆ ಮನೆ ಮಾಡಿಕೊಂಡು ತಂಗಿಯ ಜೊತೆ ಇದ್ದರು. ಮೊದಲ ವಾರ ನಮ್ಮ ಭಾಷೆ ಅವರಿಗೆ ಬರೀ ಕಿರಿಕಿರಿ. ನಿಯಮಗಳು ಒಂದಕ್ಕೊಂದು ಹೊಂದದಿದ್ದಾಗ 'ನಿರ್ಬಂಧಗಳು ಅತೃಪ್ತ' ಎಂದು ತೆರೆಯ ಮೇಲೆ ಬರುವಂತೆ ನಾನು ಮಾಡಿದ್ದೆ. ಅವರು ಅದನ್ನು ಓದಿ ನನ್ನ ಕಡೆ ನೋಡಿದರು.

"ಅತೃಪ್ತ ಯಾರ್ರಿ ಮೇಡಂ, ನಾನೇನು?"

ಅವತ್ತೇ ಅದನ್ನು ತೆಗೆದೆ. 'ಈ ಎಲ್ಲ ನಿಯಮಗಳನ್ನೂ ಪಾಲಿಸುವ ಪಾಳಿ ಪಟ್ಟಿ ಇಲ್ಲ' ಎಂದು ಬರೆದು, ಕೆಳಗೆ ಯಾವ ನಿಯಮ ಯಾವುದಕ್ಕೆ ಅಡ್ಡ ಬರುತ್ತಿದೆ ಎಂದು ತೋರಿಸುವಂತೆ ಮಾಡಿದೆ. ಇನ್ನೊಂದು ದಿನ ಅವರು, "ನೈಟ್ ಡ್ಯೂಟಿ ಯಾವ ದಿನದ್ದು ಅಂತ ಬರೀಲಿ? ಸೋಮವಾರ ರಾತ್ರಿ ಬಂದಾಕಿ ಮನಿಗೆ ಹೋಗೋದು ಮಂಗಳವಾರ ನೋಡ್ರಿ," ಎಂದರು. ಪ್ರತಿ ಪಾಳಿಗೂ ಒಂದೇ ದಿನಾಂಕ ಎಂದು ನಾವು ಭಾಷೆಯ ಬುಡದಲ್ಲೇ ನಂಬಿಕೊಂಡಿದ್ದೆವು. ಅದನ್ನು ಕಿತ್ತು, ಪಾಳಿಗೆ ಶುರು ಮತ್ತು ಮುಗಿತಾಯ ಎರಡನ್ನೂ ಕೊಟ್ಟು, ವಿಶ್ರಾಂತಿಯನ್ನು ಮುಗಿತಾಯದಿಂದ ಎಣಿಸುವ ಹಾಗೆ ಮಾಡುವಷ್ಟರಲ್ಲಿ ನಮಗೆ ಸಾಕುಸಾಕಾಯಿತು. ಆದರೆ ಆಮೇಲೆ ಇನ್‌ಚಾರ್ಜ್ ತಾವೇ ನಿಯಮ ಬರೆಯತೊಡಗಿದರು. ರಾತ್ರಿ ಪಾಳಿ ಮುಗಿಸಿದವರಿಗೆ ಆ ಬೆಳಗಿನ ಪಾಳಿ ಇಲ್ಲ. ವಾರಕ್ಕೊಂದು ರಜೆ ಖಂಡಿತ. ಐಸಿಯುನಲ್ಲಿ ಹೊಸಬರು ಒಬ್ಬರೇ ಇರುವಂತಿಲ್ಲ. ಒಂದೊಂದೂ ಒಂದೊಂದು ಸಾಲು. ಕೆಲವು ತಿಂಗಳು ಚೆನ್ನಾಗಿಯೇ ನಡೆಯಿತು.

ಒಬ್ಬ ನರ್ಸ್ ಮದುವೆಯಾಗಿ ಹೋದಳು. ಇನ್ನೊಬ್ಬಳಿಗೆ ಗಲ್ಫ್‌ನಲ್ಲಿ ಕೆಲಸ ಸಿಕ್ಕಿತು. ಅವರ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳಲಿಲ್ಲ. ಮುಂದಿನ ವಾರದ ಪಟ್ಟಿ ಕೇಳಿದಾಗ ಯಂತ್ರ ಅಂಥ ಪಟ್ಟಿ ಇಲ್ಲ ಎಂದಿತು. ಆಡಳಿತ ನೋಡಿಕೊಳ್ಳುವ ಮ್ಯಾನೇಜರ್ ನನಗೆ ಫೋನ್ ಮಾಡಿದರು.

"ಮೇಡಂ, ನಿಮ್ ಸಾಫ್ಟ್‌ವೇರ್ ಕೆಟ್ಟೋಗಿದೆ. ಲಿಸ್ಟೇ ಬರ್ತಿಲ್ಲ."

ಆಟೊ ಹಿಡಿದು ಹೋದೆ. ಕೆಟ್ಟಿರಲಿಲ್ಲ. ಇರುವ ಜನರನ್ನು ಇಟ್ಟುಕೊಂಡು, ಎಲ್ಲರಿಗೂ ವಾರದ ರಜೆ ಕೊಟ್ಟು, ರಾತ್ರಿಯಾದ ಮೇಲೆ ನಿದ್ದೆಗೆ ಬಿಟ್ಟು, ಐಸಿಯು ತುಂಬಿಸಲು ಸಾಧ್ಯವಿಲ್ಲ ಎಂದು ಅದು ಸ್ಪಷ್ಟವಾಗಿ ಹೇಳುತ್ತಿತ್ತು. ನಾನು ಅದನ್ನೇ ಮ್ಯಾನೇಜರ್‌ಗೆ ಹೇಳಿದೆ.

"ಇಲ್ಲ ಅನ್ನೋಕೆ ಸಾಫ್ಟ್‌ವೇರ್ ಯಾಕೆ ಬೇಕು ಮೇಡಂ? ನಾವೇ ಕೈಯಲ್ಲಿ ತುಂಬ್ತಿದ್ದ ಹಳೇ ಶೀಟು ಒಂದ್ಸಲಾನೂ ಇಲ್ಲ ಅಂದಿರ್ಲಿಲ್ಲ."

"ಹಳೇ ಶೀಟಿಗೆ ನಿಯಮ ಗೊತ್ತಿರ್ಲಿಲ್ಲ ಸಾರ್. ಇಬ್ರು ನರ್ಸ್ ತಗೊಳ್ಳಿ, ಪಟ್ಟಿ ಬರುತ್ತೆ."

"ತಗೊಳ್ಳೋಣ, ಅದು ಆಗುವಾಗ ಆಗುತ್ತೆ. ಅಲ್ಲೀವರೆಗೂ ಸ್ವಲ್ಪ ಅಡ್ಜಸ್ಟ್ ಮಾಡ್ಕೋಬೇಕಲ್ವಾ? ನಿಮ್ ಲ್ಯಾಂಗ್ವೇಜಲ್ಲಿ ಅಡ್ಜಸ್ಟ್ ಅಂತ ಒಂದು ಕಮ್ಯಾಂಡ್ ಹಾಕ್ಬಿಡಿ."

"ಯಾವ ನಿಯಮ ಬಿಡ್ಬೇಕು? ಯಾರಿಗೆ?"

"ಅದನ್ನ ಸಿಸ್ಟಮ್ಮೇ ನೋಡ್ಕೊಳ್ಲಿ. ಅದಕ್ಕೇ ತಾನೆ ಸಿಸ್ಟಮ್ ಇರೋದು."

ನನಗೆ ಮೈ ಉರಿದುಹೋಯಿತು. ಈ ಊರಿನಲ್ಲಿ ಅಡ್ಜಸ್ಟ್ ಎಂಬ ಪದವನ್ನು ನಾನು ಹುಟ್ಟಿದಾಗಿನಿಂದ ಕೇಳಿದ್ದೇನೆ. ಬಸ್ಸಿನ ಸೀಟಿನಲ್ಲಿ, ಬಾಡಿಗೆ ಮನೆಯ ನೀರಿನಲ್ಲಿ, ಕಾಲೇಜಿನ ಸ್ಟಾಫ್ ರೂಮಿನಲ್ಲಿ. ಹೇಳುವವರು ಯಾವತ್ತೂ ಕದಲುವುದಿಲ್ಲ. ಕೇಳಿಸಿಕೊಂಡವರು ಸರಿಯಬೇಕು. ಕಾಲೇಜಿನಲ್ಲಿ ನನ್ನ ಲ್ಯಾಬ್ ಅನ್ನು ಬೇರೆ ವಿಭಾಗಕ್ಕೆ ಕೊಟ್ಟಾಗಲೂ, ಪರೀಕ್ಷೆಯ ಡ್ಯೂಟಿಯನ್ನು ಹೆಂಗಸರ ತಲೆಗೇ ಕಟ್ಟಿದಾಗಲೂ ಇದೇ ಪದ. ಈಗ ಇವರಿಗೆ ಅದನ್ನು ಹೇಳುವ ಬಾಯಿಯೂ ಬೇಡ. ಯಾವ ಹುಡುಗಿಯ ನಿದ್ದೆ ಕಳೆಯಬೇಕು ಎಂದು ಯಂತ್ರವೇ ಆರಿಸಬೇಕು, ಕೇಳಿದರೆ ಸಿಸ್ಟಮ್ ಹಾಗೆ ಕೊಟ್ಟಿದೆ ಎನ್ನಬಹುದು. ನಾನು ವರ್ಷಗಟ್ಟಲೆ ಕೂತು ಕಟ್ಟಿದ ಭಾಷೆ ಇವರ ಹೇಡಿತನಕ್ಕೆ ಮುಸುಕಾಗಬೇಕು. ಆಗಲ್ಲ ಸಾರ್ ಎಂದು ಹೇಳಿ ಎದ್ದು ಬಂದೆ.

ಕೋಣೆಗೆ ಬಂದು ಗೆಳೆಯನಿಗೆ ಎಲ್ಲ ಹೇಳಿದೆ. ಅವನೂ ಬಯ್ಯುತ್ತಾನೆ ಎಂದುಕೊಂಡಿದ್ದೆ. ಅವನು ಪೂರ್ತಿ ಕೇಳಿಸಿಕೊಂಡು, "ಹಾಕೋಣ," ಎಂದ.

"ನಿನಗೆ ತಲೆ ಕೆಟ್ಟಿದೆಯಾ?"

"ಕೇಳು ಮಗಾ. ನಾವು ದಾರಿ ಕೊಡ್ದೆ ಇದ್ರೆ ಅವರು ಹೊರಗಡೆ ಪೆನ್ನಲ್ಲಿ ನಿಯಮ ಮುರೀತಾರೆ. ಯಾರಿಗೂ ಕಾಣಲ್ಲ. ಒಳಗೇ ಮುರೀಲಿ. ಕಾಣೋ ಹಾಗೆ ಮುರೀಲಿ."

ಕೆಳಗೆ ಮಿಕ್ಸಿ ಶುರುವಾಯಿತು. ಅದು ನಿಲ್ಲುವ ತನಕ ನಾನು ಯೋಚಿಸಿದೆ. ಅವನು ಹೇಳಿದ್ದು ನಮ್ಮ ಶಾಸ್ತ್ರಕ್ಕೆ ಹೊಸದಲ್ಲ. ಫಂಕ್ಷನಲ್ ಭಾಷೆಗಳಲ್ಲಿ ಮುದ್ರಿಸುವುದು, ಕಡತಕ್ಕೆ ಬರೆಯುವುದು ಹೀಗೆ ಹೊರಗಿನ ಜಗತ್ತನ್ನು ಮುಟ್ಟುವ ಕೆಲಸಗಳನ್ನು ನಿಷೇಧಿಸುವುದಿಲ್ಲ, ಅವುಗಳ ಮೈಮೇಲೆ ಗುರುತು ಹಾಕುತ್ತೇವೆ. ಆ ಗುರುತು ಇರುವುದನ್ನು ಬಳಸಿ ಏನನ್ನು ಕಟ್ಟಿದರೂ ಅದಕ್ಕೂ ಗುರುತು ಅಂಟುತ್ತದೆ, ಒರೆಸಲು ಬರುವುದಿಲ್ಲ. ಮುರಿದ ನಿಯಮಕ್ಕೂ ಹಾಗೇ ಮಾಡಬಹುದಲ್ಲ ಅನ್ನಿಸಿತು.

ಹಾಗೆ ಆ ಪದ ನಮ್ಮ ಭಾಷೆಗೆ ಬಂತು. ಆದರೆ ಬರೀ ಅಡ್ಜಸ್ಟ್ ಎಂದು ಬರೆದರೆ ಯಂತ್ರ ಒಪ್ಪುವುದಿಲ್ಲ. ಯಾರ ಪಾಳಿ, ಯಾವ ನಿಯಮ, ಯಾರ ಆದೇಶ, ಮೂರನ್ನೂ ಹೇಳಬೇಕು. ಬರುವ ಉತ್ತರದ ಹೆಸರೂ ಬೇರೆ: ಪಾಳಿ ಪಟ್ಟಿ ಅಲ್ಲ, 'ನಿಯಮ ಮುರಿದ ಪಾಳಿ ಪಟ್ಟಿ'. ಅದನ್ನು ಮುದ್ರಿಸಿದರೆ ಆ ಮೂರು ವಿವರಗಳೂ ಪ್ರತಿ ಸಲ ಕೆಳಗೆ ಬರುತ್ತವೆ.

ಮ್ಯಾನೇಜರ್‌ಗೆ ತೋರಿಸಿದಾಗ ಮೊದಲು ಖುಷಿಪಟ್ಟರು. ಆಮೇಲೆ ಆದೇಶದ ಜಾಗದಲ್ಲಿ ಬೆರಳಿಟ್ಟು ಕೇಳಿದರು.

"ಇಲ್ಲಿ ಮ್ಯಾನೇಜ್‌ಮೆಂಟ್ ಅಂತ ಹಾಕ್ಬಹುದಾ?"

"ಮ್ಯಾನೇಜ್‌ಮೆಂಟ್ ಅನ್ನೋರು ಯಾರು ಸಾರ್? ಒಬ್ಬ ಮನುಷ್ಯರ ಹೆಸರು ಬೇಕು."

ಮುಂದಿನ ವಾರ ನಾನು ಅಲ್ಲಿಗೆ ಹೋದಾಗ ನರ್ಸ್‌ಗಳ ಕೋಣೆಯ ಗೋಡೆಯ ಮೇಲೆ ಪಟ್ಟಿ ಅಂಟಿಸಿದ್ದರು. ಕೆಳಗೆ ಒಂದಾದ ಮೇಲೊಂದು ಮುರಿದ ನಿಯಮಗಳು. ರಾತ್ರಿ ಮುಗಿಸಿದವರೇ ಬೆಳಿಗ್ಗೆಯೂ ಇದ್ದರು, ಕೆಲವರ ರಜೆ ಹೋಗಿತ್ತು. ಪ್ರತಿಯೊಂದರ ಮುಂದೆಯೂ ಆದೇಶ ಕೊಟ್ಟವರು ಎಂದು ಇನ್‌ಚಾರ್ಜ್ ಹೆಸರು.

ಇನ್‌ಚಾರ್ಜ್ ಆ ಪಟ್ಟಿಯ ಮುಂದೆಯೇ ನಿಂತಿದ್ದರು. ಅವರ ಹಿಂದೆ ನಿಂತ ಇಬ್ಬರು ಹುಡುಗಿಯರು ಅವರ ಬೆನ್ನನ್ನು ನೋಡುತ್ತಿದ್ದ ರೀತಿ ನನಗೆ ಮರೆಯುವುದಿಲ್ಲ. ಇನ್‌ಚಾರ್ಜ್ ನನ್ನನ್ನು ಕಂಡದ್ದೇ ಪಟ್ಟಿಯನ್ನು ಗೋಡೆಯಿಂದ ಬಿಡಿಸಿಕೊಂಡು ನೇರ ಮ್ಯಾನೇಜರ್ ಕೋಣೆಗೆ ನಡೆದರು. ನಾನೂ ಹಿಂದೆ ಹೋದೆ. ನರ್ಸಿಂಗ್ ಹೋಮಿನ ಒಡತಿಯಾದ ಹಿರಿಯ ಡಾಕ್ಟರ್ ಅಲ್ಲೇ ಕಾಫಿ ಕುಡಿಯುತ್ತಾ ಕೂತಿದ್ದರು.

"ಈ ಆರ್ಡರ್ ನಾ ಯಾವಾಗ ಕೊಟ್ಟೇನ್ರಿ?" ಎಂದರು ಇನ್‌ಚಾರ್ಜ್.

"ಅಯ್ಯೋ, ಅದು ಬರೀ ಫಾರ್ಮಾಲಿಟಿ ಸಿಸ್ಟರ್. ಯಾರದಾದ್ರೂ ಹೆಸರು ಹಾಕ್ಬೇಕಿತ್ತು."

"ಯಾರದಾರ ಅಂದ್ರ ನಿಮ್ದು ಹಾಕ್ಕೋರಿ. ನನ್ ಹುಡುಗ್ಯಾರು ಬೆಳಿಗ್ಗಿಂದ ನನ್ ಮಾರಿ ನೋಡವಲ್ರು."

ಡಾಕ್ಟರ್ ಪಟ್ಟಿಯನ್ನು ಕೈಗೆ ತೆಗೆದುಕೊಂಡು ಕನ್ನಡಕ ಸರಿಮಾಡಿಕೊಂಡು ಓದಿದರು. ಪೂರ್ತಿ ಓದಿದರು. ಈಗ ಇವರು ಮ್ಯಾನೇಜರ್‌ಗೆ ಏನಾದರೂ ಅನ್ನುತ್ತಾರೆ ಎಂದು ನಾನು ಕಾದೆ. ಅವರು ನನ್ನ ಕಡೆ ತಿರುಗಿದರು.

"ಈ ಕೆಳಗಿನ ಭಾಗ ಪ್ರಿಂಟ್ ಆಗ್ದೇ ಇರೋ ಹಾಗೆ ಮಾಡೋಕಾಗಲ್ವಾ? ಪೇಷೆಂಟ್ ಕಡೆಯವರು ನೋಡಿದ್ರೆ ಚೆನ್ನಾಗಿರಲ್ಲ."

"ಆಗಲ್ಲ ಮೇಡಂ."

"ಸಣ್ಣ ಅಕ್ಷರದಲ್ಲಿ?"

ಅಷ್ಟು ಓದಿದವರು, ಅಷ್ಟು ಜನರ ಜೀವ ಕಾದವರು, ತಮ್ಮ ಐಸಿಯುನಲ್ಲಿ ನಿದ್ದೆಗೆಟ್ಟ ಹುಡುಗಿ ಡ್ರಿಪ್ ಹಾಕುತ್ತಿದ್ದಾಳೆ ಎಂದು ಕಪ್ಪು ಅಕ್ಷರದಲ್ಲಿ ಓದಿದ ಮೇಲೆ ಅವರಿಗೆ ಹೊಳೆದ ಪ್ರಶ್ನೆ ಅಕ್ಷರದ ಗಾತ್ರ. ನಾನು ಸಿಟ್ಟಿನಲ್ಲಿ ಏನೋ ಹೇಳಿದೆ. ಅದು ಸರಿಯಾಗಿ ನೆನಪಿಲ್ಲ, ಗಟ್ಟಿಯಾಗಿ ಹೇಳಿದ್ದು ನೆನಪಿದೆ, ಯಾಕೆಂದರೆ ರಿಸೆಪ್ಷನ್‌ನ ಹುಡುಗಿ ಬಾಗಿಲಿನಲ್ಲಿ ಇಣುಕಿದಳು. ತಿಂಗಳ ಕೊನೆಗೆ ನಮ್ಮ ಸೇವೆ ಸಾಕು ಎಂದು ಒಂದು ಮೆಸೇಜ್ ಬಂತು. ಅವರು ಹಳೇ ಶೀಟಿಗೇ ಮರಳಿದರು. ಇನ್‌ಚಾರ್ಜ್ ಕೂಡ ಅಲ್ಲಿ ಬಹಳ ದಿನ ಉಳಿಯಲಿಲ್ಲ.

ಈ ಅನುಭವದ ಮೇಲೆ ಒಂದು ಪ್ರಬಂಧ ಬರೆದು ಭಾಷಾ ವಿನ್ಯಾಸದ ಸಮ್ಮೇಳನವೊಂದಕ್ಕೆ ಕಳಿಸಿದೆ. ಗುರುತು ಒರೆಸಲಾಗದು ಎಂಬುದಕ್ಕೆ ಗಣಿತದ ರುಜುವಾತನ್ನೂ ಕೊಟ್ಟಿದ್ದೆ. ವಿಮರ್ಶಕರೊಬ್ಬರು, ರುಜುವಾತು ಸರಿಯಾಗಿದೆ, ಆದರೆ ಇದು ಸಾಮಾಜಿಕ ಸಮಸ್ಯೆ, ಭಾಷೆಯ ಸಮಸ್ಯೆಯಲ್ಲ ಎಂದು ಬರೆದು ತಿರಸ್ಕರಿಸಿದರು. ನಾನು ಅದನ್ನು ಓದಿ ಕೋಣೆಯಲ್ಲಿ ಅತ್ತಿಂದಿತ್ತ ಓಡಾಡಿದೆ. ಸೊನ್ನೆಯಿಂದ ಭಾಗಿಸುವುದನ್ನು ತಡೆಯಲು ಒಂದು ಗುರುತು ಕಂಡುಹಿಡಿದರೆ ಅದು ಭಾಷೆಯ ಸಮಸ್ಯೆ. ಒಬ್ಬಳ ತಲೆಗೆ ಎರಡು ಪಾಳಿ ಕಟ್ಟುವುದನ್ನು ಅದೇ ಗುರುತಿನಿಂದ ಬಯಲು ಮಾಡಿದರೆ ಸಾಮಾಜಿಕ. ಗಣಿತ ಎರಡಕ್ಕೂ ಒಂದೇ. ವ್ಯತ್ಯಾಸ ಇರುವುದು ಯಾರ ನೋವು ಲೆಕ್ಕಕ್ಕೆ ಬರುತ್ತದೆ ಎಂಬುದರಲ್ಲಿ. ಗೆಳೆಯ ಈ ವಾಕ್ಯವನ್ನು ಮುಂದಿನ ಕರಡಿನಲ್ಲಿ ಹಾಕಬೇಡ ಎಂದ. ಹಾಕಿದೆ. ಅದೂ ತಿರಸ್ಕೃತವಾಯಿತು.

ಕೆಲವು ತಿಂಗಳ ನಂತರ ಇನ್‌ಚಾರ್ಜ್ ಫೋನ್ ಮಾಡಿದರು. ಬೇಗೂರು ಕಡೆ ಒಂದು ಸಣ್ಣ ಆಸ್ಪತ್ರೆ ಸೇರಿದ್ದರು. "ಮೇಡಂ, ಆ ಭಾಷಾ ಇಲ್ಲೂ ಬೇಕಾಗೇದ್ರಿ. ಹೆಸರು ಬರೂದಿತ್ತಲ್ಲ, ಅದನ್ನ ತೆಗೀಬ್ಯಾಡ್ರಿ," ಎಂದರು.

ಅಲ್ಲಿನ ನರ್ಸಿಂಗ್ ಸೂಪರಿಂಟೆಂಡೆಂಟ್ ಕೂಡ ಮೊದಲು ಮುಖ ಸಿಂಡರಿಸಿದರು. ಈಗ ಬಳಸುತ್ತಾರೆ. ಡೆಂಗ್ಯೂ ಹರಡಿದಾಗ ನರ್ಸ್‌ಗಳೇ ಮಲಗಿಬಿಟ್ಟರು. ಆಗ ಸೂಪರಿಂಟೆಂಡೆಂಟ್ ಅಡ್ಜಸ್ಟ್ ಎಂದು ಬರೆದು ತಮ್ಮ ಹೆಸರನ್ನೇ ಹಾಕಿದರು. ಆ ವಾರ ನಾನು ಅಲ್ಲಿ ಇದ್ದೆ. ಚಿಕ್ಕ ವಯಸ್ಸಿನ ನರ್ಸ್ ಒಬ್ಬಳು ಪಟ್ಟಿ ಓದಿ, ಮೊಬೈಲ್ ಅನ್ನು ಜೇಬಿಗೆ ಹಾಕಿಕೊಂಡು, ಸೀದಾ ಸೂಪರಿಂಟೆಂಡೆಂಟ್ ಬಾಗಿಲಿಗೆ ಹೋದಳು.

"ಮೇಡಂ, ನನ್ ವೀಕ್ಲಿ ಆಫ್ ತೆಗೆದಿರೋದು ನೀವು ಅಂತ ಇದೆ. ಯಾವಾಗ ವಾಪಸ್ ಕೊಡ್ತೀರಿ?"

ಸೂಪರಿಂಟೆಂಡೆಂಟ್‌ಗೆ ಸಿಟ್ಟು ಬಂತು, ಮುಖದಲ್ಲಿ ಕಾಣಿಸಿತು. ಆದರೂ "ಗುರುವಾರ," ಎಂದರು. ಹುಡುಗಿ ಅಲ್ಲೇ ನಿಂತಳು. "ಬರೆದುಕೊಡಿ ಮೇಡಂ." ಅವರು ಕುರ್ಚಿಯನ್ನು ಎಳೆದುಕೊಂಡು ಕಂಪ್ಯೂಟರಿನ ಮುಂದೆ ಕೂತು, ಮುಂದಿನ ವಾರದ ನಿಯಮಗಳಲ್ಲಿ ಆ ಒಂದು ಸಾಲನ್ನು ತಾವೇ ಟೈಪ್ ಮಾಡಿದರು. ಒಂದು ಕಡೆ ಬ್ರಾಕೆಟ್ ಮರೆತಿದ್ದರು. ನಾನು ತೋರಿಸಿದೆ, ಸರಿಮಾಡಿದರು.