ತೊಗರಿ ತಿರುವಿನ ಉಲ್ಟಾ ಸುತ್ತು

ಬೆಳಿಗ್ಗೆ ಎಂಟು ಗಂಟೆ ನಲವತ್ತು ನಿಮಿಷ. ನನ್ನ ತಮ್ಮ ಹೆಲ್ಮೆಟ್ ತೆಗೆದು ಕಾರಿನ ಬಾನೆಟ್ ಮೇಲಿಟ್ಟು, ‘ಅಕ್ಕಾ, ಈಗ ಉಲ್ಟಾ ಹೊಡ್ಯೋಣು’ ಎಂದ. ಗಳಿಗೆ ಇಷ್ಟು ಸರಿಯಾಗಿ ಗೊತ್ತಿರುವುದಕ್ಕೆ ಕಾರಣ, ಆಗ ಅವನ ಫೋನು ನನ್ನ ಕೈಯಲ್ಲಿತ್ತು. ಒಂದೊಂದು ಸುತ್ತಿಗೆ ಎಷ್ಟು ಹೊತ್ತು ಹಿಡಿಯಿತು ಎಂದು ನೋಡುವ ಕೆಲಸ ನನ್ನದು. ಕಾರು ಜಾರಿದ್ದು ಅದಾಗಿ ಕಾಲು ಗಂಟೆಯ ಮೇಲೆ. ಆದರೂ ಕೆಟ್ಟದ್ದು ಶುರುವಾದದ್ದು ಆ ಮಾತಿನಿಂದಲೇ ಎಂದು ನನಗೆ ಅನ್ನಿಸುತ್ತದೆ.

ನಮ್ಮ ಕಡೆ ರೇಸ್ ಟ್ರ್ಯಾಕ್ ಇಲ್ಲ. ಇದ್ದದ್ದು ಶರಣಸಿರಸಗಿಯ ಹೊಸ ಲೇಔಟು. ಡಾಂಬರು ಹಾಕಿ, ಪ್ಲಾಟಿನ ಮೂಲೆಗಳಿಗೆ ಕಲ್ಲು ನೆಟ್ಟು, ನೀರಿನ ಟ್ಯಾಂಕು ಕಟ್ಟಿ ಬಿಟ್ಟಿದ್ದರು. ಒಂದೂ ಮನೆ ಎದ್ದಿರಲಿಲ್ಲ. ಹೊರಗಿನ ರಸ್ತೆ ಇಡೀ ಲೇಔಟನ್ನು ಸುತ್ತಿ ಮತ್ತೆ ಗೇಟಿಗೇ ಬರುತ್ತದೆ. ಪಾಲುದಾರರಲ್ಲಿ ಒಬ್ಬರು ತಮ್ಮನ ಗೆಳೆಯನ ಮಾವ. ಭಾನುವಾರ ಬೆಳಿಗ್ಗೆ ಕಾರು ಓಡಿಸಿಕೊಳ್ಳಿ ಎಂದು ಅವರೇ ಗೇಟಿನ ಕೀಲಿ ಕೊಟ್ಟಿದ್ದರು.

ತಮ್ಮನಿಗೆ ಕಾರುಗಳನ್ನು ಹೋಲಿಸುವ ಹುಚ್ಚು. ಯಾವುದು ತಿರುವಿನಲ್ಲಿ ಹೇಗೆ ಬಾಗುತ್ತದೆ, ಯಾವುದು ಎಲ್ಲಿ ಕೈಕೊಡುತ್ತದೆ ಎಂದು ನಮ್ಮ ಕಲಬುರಗಿ ಮಾತಿನಲ್ಲೇ ಹೇಳಿ ವಿಡಿಯೋ ಮಾಡಿ ಹಾಕುತ್ತಾನೆ. ಆ ಚಳಿಗಾಲದಲ್ಲಿ ಹೋಲಿಕೆಗೆ ಸಿಕ್ಕವು ಎರಡು. ಒಂದು ಅವನದೇ ಸಣ್ಣ ಕಾರು. ಮುಂದಿನ ಚಕ್ರಗಳಿಂದ ಎಳೆಯುವಂಥದು, ಎಂಜಿನ್ನಿಗೆ ಏನೇನೋ ಮಾಡಿಸಿ ಜೋರು ಮಾಡಿದ್ದ. ಇನ್ನೊಂದು ಗೆಳೆಯನ ಎರಡು ಸೀಟಿನ ಸ್ಪೋರ್ಟ್ಸ್ ಕಾರು. ಹೈದರಾಬಾದಿನಿಂದ ಸೆಕೆಂಡ್ ಹ್ಯಾಂಡ್ ತಂದದ್ದು, ನೆಲಕ್ಕೆ ಅಂಟಿಕೊಂಡಂತಿತ್ತು, ಹಿಂದಿನ ಚಕ್ರಗಳಿಂದ ನೂಕುತ್ತಿತ್ತು.

ಮೊದಲ ಭಾನುವಾರ ನಾವು ಹೋದಾಗ ಟ್ಯಾಂಕಿನಾಚೆಯ ತಿರುವಿನಲ್ಲಿ ರಸ್ತೆಯ ಅರ್ಧಕ್ಕೆ ಕಾಯಿ ಸಮೇತ ತೊಗರಿ ಕಟ್ಟಿಗೆ ಹಾಸಿತ್ತು. ಪಕ್ಕದ ಹೊಲದ ಮುದುಕಿ ರಾಶಿಗೆ ಹಾಕಿದ್ದು. ನಮ್ಮಲ್ಲಿ ಇದು ಹೊಸದಲ್ಲ. ಡಾಂಬರು ರಸ್ತೆ ಕಂಡಲ್ಲಿ ಬೆಳೆ ಹಾಸುತ್ತಾರೆ, ಹೋಗಿಬರುವ ಗಾಡಿಗಳು ತುಳಿದು ಕಾಳು ಬಿಡಿಸುತ್ತವೆ. ಆದರೆ ಲೇಔಟಿನ ರಸ್ತೆಯಲ್ಲಿ ಗಾಡಿಗಳೇ ಇರಲಿಲ್ಲ. ನಮ್ಮನ್ನು ನೋಡಿದ ಮುದುಕಿ ನಡುರಸ್ತೆಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

‘ಎಲ್ಲಿಗಿ ಹೊಂಟೀರಿ?’

‘ಎಲ್ಲಿಗೂ ಇಲ್ಲ ಆಯಿ, ಇಲ್ಲೇ ಸುತ್ತಾಕತ್ತೀವಿ’ ಎಂದ ತಮ್ಮ.

‘ಯಾಕ?’

‘ಯಾವ ಗಾಡಿ ತಿರುವಿನ್ಯಾಗ ಚೊಲೋ ಹೊಳ್ಳತದ ನೋಡಾಕ.’

‘ಎಲ್ಲಿಗೂ ಹೋಗಂಗಿಲ್ಲಂದ್ರ ನನ್ನ ತೊಗರಿ ಮ್ಯಾಲ ಸುತ್ತರಿ. ಸುಟ್ಟ ಎಣ್ಣಿಗಿ ಒಂದು ಪುಣ್ಯಾನರೆ ಬರಲಿ.’

‘ಟೈಮ್ ಹೋಗ್ತದ ಆಯಿ.’

‘ಟೈಮ್ ಎಲ್ಲಿಗಿ ಹೋಗ್ತದೋ? ನೀವೇ ಎಲ್ಲಿಗೂ ಹೋಗಂಗಿಲ್ಲ ಅಂತೀರಿ.’

ಗೆಳೆಯ ತನ್ನ ಕಾರಿನ ಕಿಟಕಿಯಿಂದ ಕೈ ಮುಗಿದ. ‘ನಂದು ನಕ್ಕೋ, ಬ್ಯಾಡ ಆಯಿ. ನನ್ನ ಗಾಡಿ ಹೊಟ್ಟಿ ನೆಲಕ್ಕ ಹತ್ತತದ. ಕಟ್ಟಿಗಿ ಸಿಕ್ಕೊಂಡ್ರ ಬೆಂಕಿನೇ ಹತ್ತತದ.’

ಆಯಿ ಬಗ್ಗಿ ಕಾರಿನ ಕೆಳಗೆ ನೋಡಿದಳು. ‘ಇದು ಗಾಡಿ ಅಲ್ಲ ಬಿಡಪ್ಪ, ಉಡ.’

ಅಂದಿನಿಂದ ಸ್ಪೋರ್ಟ್ಸ್ ಕಾರು ಉಡ, ತೊಗರಿ ತುಳಿದ ಸಣ್ಣ ಕಾರು ಎತ್ತು. ತಮ್ಮ ವಿಡಿಯೋದಲ್ಲೂ ಹಾಗೇ ಕರೆದ. ಒಪ್ಪಂದವೂ ತಾನಾಗಿಯೇ ಆಯಿತು. ಪ್ರತಿ ಭಾನುವಾರ ಮೊದಲು ಎತ್ತು ತೊಗರಿಯ ಮೇಲೆ ನಿಧಾನಕ್ಕೆ ಹತ್ತಾರು ಸಲ ಹಾಯುವುದು. ಆಮೇಲೆ ಎರಡೂ ಕಾರು ಉಳಿದರ್ಧ ರಸ್ತೆಯಲ್ಲಿ ಜೋರಾಗಿ ಸುತ್ತುವುದು. ಸುತ್ತು ಯಾವಾಗಲೂ ಒಂದೇ ದಿಕ್ಕು: ಗೇಟಿನಿಂದ ಟ್ಯಾಂಕು, ಟ್ಯಾಂಕಿನಿಂದ ತೊಗರಿ, ತೊಗರಿಯಿಂದ ಗೇಟು. ಕಾರು ದಾಟಿದ ಮೇಲೆ ಮತ್ತೆ ಬರಲು ಒಂದು ನಿಮಿಷದ ಮೇಲೆ ಬೇಕು. ಅಷ್ಟರಲ್ಲಿ ಆಯಿ ಖಾಲಿ ಬದಿಗೆ ಬಂದು, ಚಕ್ರಕ್ಕೆ ಸಿಡಿದ ಕಾಳನ್ನು ಪೊರಕೆಯಿಂದ ಗುಡಿಸಿಕೊಂಡು ಅಂಚಿಗೆ ಸರಿಯುತ್ತಿದ್ದಳು. ಯಾರೂ ಹೇಳಿಕೊಡದೆ ಆದ ರೂಢಿ ಅದು. ನೋಡಲು ಚೆನ್ನಾಗಿತ್ತು ಕೂಡ.

ಹೋಲಿಕೆಯ ವಿಷಯ ಹೇಳಿಬಿಡುತ್ತೇನೆ. ಉಡ ಒಂದು ನಿಮಿಷ ಹನ್ನೊಂದು ಸೆಕೆಂಡಿಗೆ ಸುತ್ತು ಮುಗಿಸುತ್ತಿತ್ತು, ಎತ್ತು ಹದಿನಾಲ್ಕಕ್ಕೆ. ವ್ಯತ್ಯಾಸ ಇದ್ದದ್ದು ತಿರುವುಗಳಲ್ಲಿ. ಎತ್ತನ್ನು ವೇಗದಲ್ಲಿ ತಿರುಗಿಸಿದರೆ ಮೂತಿ ಹೊರಗೆ ಹೋಗಲು ನೋಡುತ್ತದೆ, ಎಕ್ಸಲರೇಟರಿನಿಂದ ಕಾಲು ತೆಗೆದರೆ ಸಮಾಧಾನವಾಗಿ ಒಳಗೆ ಬರುತ್ತದೆ. ಉಡ ಹೇಳಿದಲ್ಲಿಗೆ ಹೋಗುತ್ತದೆ, ಒಂದು ಹಂತದವರೆಗೆ. ಆ ಹಂತ ದಾಟಿ ನಡುತಿರುವಿನಲ್ಲಿ ಗಾಬರಿಯಾಗಿ ಕಾಲು ತೆಗೆದರೋ ಬ್ರೇಕ್ ಒತ್ತಿದರೋ, ಬಾಲ ಮುಂದೆ ಬರಲು ಹೊರಡುತ್ತದೆ. ‘ಎತ್ತು ಬೈಸ್ಕೊಂಡು ಮಾಡ್ತದ, ಉಡ ಹೊಗಳಿಸ್ಕೊಂಡು ಕೆಡವತದ’ ಎಂದು ತಮ್ಮ ಕ್ಯಾಮೆರಾ ಮುಂದೆ ಹೇಳಿದ್ದ. ಬಹಳ ಜನಕ್ಕೆ ಆ ಮಾತು ಹಿಡಿಸಿತ್ತು.

ಹಾಗೆ ಮೆಚ್ಚಿದವರಲ್ಲೇ ಒಬ್ಬರು, ಒಂದೇ ದಿಕ್ಕಿನಲ್ಲಿ ಓಡಿಸಿ ತೀರ್ಪು ಕೊಡುವುದು ಸರಿಯಲ್ಲ, ಎಡತಿರುವಿನಲ್ಲಿ ಬೇರೆ ಇರಬಹುದು ಎಂದು ವಿಡಿಯೋದ ಕೆಳಗೆ ಬರೆದರು. ನ್ಯಾಯವಾದ ಮಾತೇ. ಆದ್ದರಿಂದ ಆ ಭಾನುವಾರ ಎಂಟು ನಲವತ್ತಕ್ಕೆ ಉಲ್ಟಾ.

ತಮ್ಮ ಆಯಿಗೆ ಹೇಳದೆ ಇರಲಿಲ್ಲ. ಕಾರನ್ನು ತೊಗರಿಯ ತನಕ ಒಯ್ದು ನಿಲ್ಲಿಸಿ, ‘ಆಯಿ, ಈಗ ಈ ಕಡಿಂದ ಬರ್ತೇವಿ ನೋಡ್ರಿ, ಗೇಟಿನ ಕಡಿಂದ’ ಎಂದು ಕೈಮಾಡಿ ತೋರಿಸಿದ. ‘ಹೂಂ, ಬರ್ರಿ’ ಎಂದಳು. ಎತ್ತು ಉಲ್ಟಾ ಮೂರು ಸುತ್ತು ಬಂದಿತು. ಆಯಿ ಅಂಚಿನಲ್ಲೇ ನಿಂತಿದ್ದಳು. ಏನೂ ಆಗಲಿಲ್ಲ. ಆಮೇಲೆ ತಮ್ಮ ಉಡಕ್ಕೆ ಹತ್ತಿದ. ಗೆಳೆಯ ನನ್ನ ಪಕ್ಕ ಗೇಟಿನ ಬಳಿ ನಿಂತು, ‘ಅಕ್ಕಾ, ಇವ ನನಗಿಂತ ಕಮ್ಮಿ ಟೈಮಿನಾಗ ಬಂದ್ರ ಹೇಳಬ್ಯಾಡ್ರಿ, ನನ್ನ ಮಾನ ಹೋಗ್ತದ’ ಎಂದು ನಗುತ್ತಿದ್ದ.

ಲೇಔಟು ಬಯಲು. ಮನೆಯಿಲ್ಲ, ಮರವಿಲ್ಲ. ಗೇಟಿನಲ್ಲಿ ನಿಂತರೆ ತೊಗರಿಯ ತಿರುವು ಅಂಗೈಯಲ್ಲಿದ್ದಂತೆ ಕಾಣುತ್ತದೆ. ಕೂಗಿದರೆ ಮಾತ್ರ ಕೇಳುವುದಿಲ್ಲ. ಉಡ ಮೊದಲ ಸುತ್ತು ಮುಗಿಸಿ ನಮ್ಮ ಮುಂದೆ ಹಾದು ಎರಡನೆಯದಕ್ಕೆ ಹೋಯಿತು. ಆಗ ಆಯಿ ಪೊರಕೆ ಹಿಡಿದು ರಸ್ತೆಗೆ ಇಳಿದಳು. ಕಾರು ಗೇಟು ದಾಟಿತು, ಇನ್ನು ಒಂದು ನಿಮಿಷ ನನ್ನದು ಎಂಬ ಹಳೆಯ ಲೆಕ್ಕದಲ್ಲಿಯೇ ಇದ್ದಳೋ ಏನೋ. ಬಗ್ಗಿ ಗುಡಿಸುತ್ತ, ನಡುನಡುವೆ ತಲೆಯೆತ್ತಿ ನೋಡುತ್ತಿದ್ದಳು. ಜಾಗರೂಕಳಾಗಿಯೇ ಇದ್ದಳು. ನೋಡುತ್ತಿದ್ದದ್ದು ಟ್ಯಾಂಕಿನ ಕಡೆಗೆ. ಬೆನ್ನು ಗೇಟಿನ ಕಡೆಗಿತ್ತು, ಕಾರು ಬರುತ್ತಿದ್ದದ್ದು ಬೆನ್ನಿನ ಕಡೆಯಿಂದ. ಬಯಲಿನಲ್ಲಿ ಎಂಜಿನ್ನಿನ ಸದ್ದು ಎಲ್ಲ ದಿಕ್ಕಿನಿಂದಲೂ ಬಂದಂತೆ ಕೇಳುತ್ತದೆ.

ನಾನು ಕೂಗಿದೆ. ಗೆಳೆಯ ಕೂಗಿದ, ಓಡಿದ. ಅಷ್ಟು ದೂರ ಯಾರೂ ಓಡಿ ಮುಟ್ಟಲಾರರು.

ತಮ್ಮ ತಿರುವಿಗೆ ಬಂದು ಅವಳನ್ನು ಕಂಡು ಬ್ರೇಕ್ ಒತ್ತಿದ. ಚಕ್ರದ ಕೆಳಗೆ ಡಾಂಬರಿನ ಬದಲು ಕಾಳು. ಬಾಲ ಹೊರಟಿತು. ಕಾರು ಅಡ್ಡವಾಯಿತು, ಆಮೇಲೆ ಹಿಂದುಮುಂದಾಯಿತು, ಹಾಗೇ ಜಾರುತ್ತ ಆಯಿ ಇದ್ದ ಕಡೆಗೆ ಹೋಯಿತು. ಅವಳು ಆಗ ತಿರುಗಿ ನೋಡಿದಳು. ಓಡಲಿಲ್ಲ. ಪೊರಕೆಯನ್ನು ಎರಡೂ ಕೈಯಿಂದ ಎದೆಗೆ ಹಿಡಿದುಕೊಂಡಳು. ದೂಳೆದ್ದಿತು. ಕಾರು ಅವಳ ಪಕ್ಕದಿಂದ ಹಾದು ಎರೆಮಣ್ಣಿಗೆ ಇಳಿದು, ಪ್ಲಾಟಿನ ಕಲ್ಲಿಗೆ ಬಡಿದು ನಿಂತಿತು.

ನಾನು ಅಲ್ಲಿ ಮುಟ್ಟಿದಾಗ ಆಯಿ ತೊಗರಿಯ ಮೇಲೆ ಕೂತಿದ್ದಳು. ಮೈಮೇಲೆ ಒಂದು ಗೀರೂ ಇಲ್ಲ. ಸೀರೆಯ ಅಂಚಿಗೆ ಚಕ್ರದ ಕಪ್ಪು ಹತ್ತಿತ್ತು. ತಮ್ಮ ಕಾರಿನೊಳಗೇ ಇದ್ದ. ಬೆಲ್ಟಿನ ಗುಂಡಿ ಒತ್ತುತ್ತಿದ್ದ, ಬೆರಳು ಬೇರೆಲ್ಲೋ ಬೀಳುತ್ತಿತ್ತು. ಗೆಳೆಯ ತನ್ನ ಕಾರನ್ನು ತಿರುಗಿ ಕೂಡ ನೋಡಲಿಲ್ಲ. ಬಾಟಲಿಯ ಮುಚ್ಚಳ ತೆಗೆದು, ‘ಆಯಿ, ನೀರ್ ಕುಡೀರಿ. ನನ್ನವ್ವನಂಗ, ಒಂದು ಗುಟುಕು ಕುಡೀರಿ’ ಎನ್ನುತ್ತಿದ್ದ.

ಆಯಿ ಕುಡಿದಳು. ಬಾಯಿ ಒರೆಸಿಕೊಂಡು ತಮ್ಮನ ಕಡೆ ನೋಡಿ ಕೇಳಿದಳು: ‘ಹಂತ್ಯಾಗ ಎತ್ತು ಎಂದಾದ್ರೂ ಉಲ್ಟಾ ತಿರಗತಾವೇನೋ?’

ಹಂತಿ ಎಂದರೆ ಕಣದಲ್ಲಿ ಎತ್ತುಗಳು ನಡುವಿನ ಮೇಟಿ ಕಂಬದ ಸುತ್ತ ಕಾಳು ತುಳಿಯುವುದು. ಅವಳು ಮದುವೆಯಾಗಿ ಬಂದಾಗಿನಿಂದ ಕಣದಲ್ಲಿ ಎತ್ತು ಒಂದೇ ಕಡೆಗೆ ಸುತ್ತಿದ್ದವು. ನನ್ನ ಕೈಯಲ್ಲಿದ್ದ ಫೋನಿನಲ್ಲಿ ಆ ಎರಡನೆಯ ಸುತ್ತಿನ ಸಮಯ ಇನ್ನೂ ಓಡುತ್ತಲೇ ಇತ್ತು. ಅದನ್ನು ನಿಲ್ಲಿಸಬೇಕು ಎಂದು ಹೊಳೆದದ್ದು ನಾವು ಜೇವರ್ಗಿ ಕಾಲೋನಿಯ ನಮ್ಮ ಮನೆಗೆ ಬಂದ ಮೇಲೆ.

ಆ ರಾತ್ರಿಯಿಂದ ನಿದ್ದೆ ಹೋಯಿತು. ಕಣ್ಣು ಹತ್ತುತ್ತಿತ್ತು, ಕಾರು ಅಡ್ಡವಾಗುತ್ತಿತ್ತು, ಆಯಿ ಪೊರಕೆ ಎದೆಗೆ ಹಿಡಿಯುತ್ತಿದ್ದಳು, ಎಚ್ಚರವಾಗುತ್ತಿತ್ತು. ಕಾರು ಅವಳ ಪಕ್ಕದಿಂದ ಹಾದುಹೋದದ್ದು ಒಂದು ಸಲವೂ ಬರಲಿಲ್ಲ. ಅದಕ್ಕಿಂತ ಮುಂಚೆಯೇ ಎದ್ದು ಕೂತಿರುತ್ತಿದ್ದೆ. ‘ಯಾರಿಗೂ ಏನೂ ಆಗಿಲ್ಲಂದ ಮ್ಯಾಲ ಅದನ್ನೇ ಯಾಕ ಹಿಡ್ಕೊಂಡು ಕುಂತಿ?’ ಎಂದು ಅವ್ವ ಕೇಳಿದಳು. ಅವಳು ಹೇಳುವುದು ಸರಿಯಾಗಿಯೇ ಇತ್ತು. ಆದರೆ ನಾನು ಹಿಡಿದುಕೊಂಡಿರಲಿಲ್ಲ.

ನಾನು ಕಮಲಾಪುರದಲ್ಲಿ ಕಾಲೇಜು ಮಕ್ಕಳಿಗೆ ಭೂಗೋಳ ಪಾಠ ಮಾಡುತ್ತೇನೆ. ಐದು ವರ್ಷದಿಂದ ನನ್ನದೇ ಒಂದು ಸಾಧಾರಣ ಕಾರಿನಲ್ಲಿ ಹೋಗಿಬರುತ್ತಿದ್ದೆ. ಆ ಸೋಮವಾರ ಸ್ಟೇರಿಂಗ್ ಹಿಡಿದು ಕೂತವಳು ಗಲ್ಲಿಯ ತುದಿಯ ತಿರುವನ್ನು ನೋಡಿ ಇಳಿದುಬಿಟ್ಟೆ. ಬಸ್ಸು ಹಿಡಿದೆ. ದಾರಿ ಕಣ್ಣಿಗೆ ಬೀಳದ ಸೀಟು ಹುಡುಕಿ ಕೂರುವುದು ರೂಢಿಯಾಯಿತು. ಎರೆಭೂಮಿ ಮುಗಿದು ಕೆಂಪು ಮಣ್ಣು ಕಾಣುವಲ್ಲಿ ರಸ್ತೆ ಏರಿಳಿದು ತಿರುಗುತ್ತದೆ. ಅಲ್ಲಿ ನನ್ನ ಬಲಗಾಲು ತಾನಾಗಿಯೇ ಬಸ್ಸಿನ ನೆಲವನ್ನು ಒತ್ತುತ್ತಿತ್ತು. ಪಕ್ಕದ ಹೆಂಗಸು ಒಮ್ಮೆ, ‘ಕಾಲ್ ನೋಯಾಕತ್ತದೇನ್ರಿ?’ ಎಂದು ಕೇಳಿದಳು.

ಕಮಲಾಪುರದ ಬಸ್‌ಸ್ಟ್ಯಾಂಡಿನಲ್ಲಿ ಕೆಂಬಾಳೆ ಮಾರುವವನಿಗೆ ನಾನು ಕಾರಿನ ಗಿರಾಕಿ ಎಂದು ಗೊತ್ತು. ‘ಯಾಕ್ರಿ ಮೇಡಂ, ಗಾಡಿ ಮಾರಿದ್ರೇನು?’ ಎಂದ. ಇಲ್ಲ, ಮನೆಯಲ್ಲಿದೆ ಎಂದೆ. ‘ಹಂಗಾರ ಅದಕ್ಕ ಪಗಾರ ಕೊಟ್ಟು ಕುಂದ್ರಿಸೀರಿ’ ಎಂದು ಹಣ್ಣು ಕಟ್ಟಿಕೊಟ್ಟ. ಕಾಲೇಜಿನಲ್ಲಿ ಪಾಠ ತಪ್ಪಲಿಲ್ಲ. ಆದರೆ ನಕ್ಷೆಯ ಮೇಲೆ ಕಡ್ಡಿ ಇಟ್ಟು ಮಾತು ಮರೆತು ನಿಂತದ್ದು ಉಂಟು. ಹೀಗೇ ಆದರೆ ಈ ಕೆಲಸವೂ, ಈ ದಾರಿಯೂ ಎಷ್ಟು ದಿನ ಎಂದು ಲೆಕ್ಕ ಹಾಕತೊಡಗಿದ್ದೆ.

ತಮ್ಮ ಲೇಔಟಿಗೆ ಹೋಗುವುದನ್ನು ಬಿಟ್ಟಿದ್ದ. ವಿಡಿಯೋವನ್ನೂ ಹಾಕಲಿಲ್ಲ. ಉಡ ಗ್ಯಾರೇಜಿನಲ್ಲಿತ್ತು. ಅದಾಗಿ ಮೂರನೆಯ ಭಾನುವಾರ ಗೇಟಿನ ಕೀಲಿ ವಾಪಸ್ ಕೊಡಬೇಕಿತ್ತು. ಅಲ್ಲಿ ಬಿಟ್ಟುಬಂದ ಸಾಮಾನು ತರಲು ಮೂವರೂ ಹೋದೆವು. ತಮ್ಮ ನನ್ನ ಕಾರನ್ನು ನಡೆಸಿದ, ಆಟೋಗಳೆಲ್ಲ ನಮ್ಮನ್ನು ಹಿಂದೆ ಹಾಕುವಷ್ಟು ನಿಧಾನಕ್ಕೆ. ತಿರುವಿನಲ್ಲಿ ಅರ್ಧ ತೊಗರಿ ತಾಡಪತ್ರಿಯ ಕೆಳಗೆ ಹಾಗೇ ಇತ್ತು. ಆಯಿ ಹೊಲದಿಂದ ಬಂದಳು.

‘ಎಲ್ಲಿ ಸತ್ತಿದ್ರೋ ಇಷ್ಟು ದಿನ? ಅರ್ಧ ರಾಶಿ ಮಾಡಿ ಓಡಿಹೋಗ್ತಾರೇನು?’

ತಮ್ಮ ತಲೆ ತಗ್ಗಿಸಿ, ‘ಆಯಿ, ಟ್ರ್ಯಾಕ್ಟರ್ ಹೇಳಿ ಮಾಡಿಸಿ ಕೊಡ್ತೀನ್ರಿ’ ಎಂದ.

‘ಟ್ರ್ಯಾಕ್ಟರ್ ಕಾಳು ಒಡೀತದ. ನಂಗ ಎತ್ತೇ ಬೇಕು. ಇವತ್ತು ಈ ಗಾಡಿನೇ ಎತ್ತು.’ ಗೆಳೆಯನ ಕಡೆ ನೋಡಿದಳು. ‘ಅಂವ ಬ್ಯಾಡ, ಇಂವನೂ ಬ್ಯಾಡ. ಬಾಯಾರ, ನೀವು ನಡಸ್ರಿ’ ಎಂದು ನನಗೆ ಹೇಳಿದಳು.

ನಾನು ಕಾರು ನಡೆಸುವುದನ್ನು ಬಿಟ್ಟು ಇಷ್ಟು ದಿನವಾಯಿತು, ಕಾಲು ನಡುಗುತ್ತದೆ ಎಂದೆ.

‘ನನಗೂ ಎರಡು ದಿನ ನಡುಗಿದವು. ಎಳ್ಳೆಣ್ಣಿ ಹಚ್ಕೊಂಡೆ. ಕುಂದರ್ರಿ. ನಾ ಮುಂದ ನಡೀತೀನಿ, ನನ್ನ ಹಿಂದ ಬರ್ರಿ.’

ನಾನು ಬೇಡವೆಂದೆ. ಹಿಂದೆ ಇರಿ, ಮುಂದೆ ಬೇಡ ಎಂದೆ. ಅವಳು ಆಗಲೇ ತಾಡಪತ್ರಿ ಎಳೆದು ಹಾಕಿ, ಕವಲುಕೋಲು ಹೆಗಲಿಗಿಟ್ಟು, ಕಾರಿನ ಮೂತಿಯ ಮುಂದೆ ನಡೆಯತೊಡಗಿದ್ದಳು. ಗೆಳೆಯ ಬಾಗಿಲು ತೆಗೆದು ಹಿಡಿದ. ನಾನು ಕೂತೆ.

ಮೊದಲ ಗೇರಿನಲ್ಲಿ, ಕ್ಲಚ್ ಅರ್ಧ ಬಿಟ್ಟು, ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ನಡೆಸಿದೆ. ಗಾಜಿನ ತುಂಬ ಅವಳ ಬೆನ್ನು. ಚಕ್ರದ ಕೆಳಗೆ ಕಾಯಿ ಚಟಪಟನೆ ಒಡೆಯುತ್ತಿದ್ದವು. ತುದಿ ಮುಟ್ಟಿದಾಗ ಹಿಂದೆ ಬರಲು ರಿವರ್ಸ್ ಹಾಕಿದೆ. ಅವಳು ಬಾನೆಟ್ ಮೇಲೆ ಕೋಲು ಕುಟ್ಟಿದಳು. ‘ಹಿಂದಿಲ್ಲ. ಸುತ್ತಿ ಬರ್ರಿ, ಟ್ಯಾಂಕಿನ ಕಡಿಂದ.’ ಹಾಗೆ ಪ್ರತಿ ಸಲವೂ ಇಡೀ ಲೇಔಟನ್ನು ಸುತ್ತಿಬಂದೆ. ನಾನು ಸುತ್ತುವಷ್ಟರಲ್ಲಿ ಅವಳು ಕಟ್ಟಿಗೆ ತಿರುವಿ ಹಾಕಿ, ಖಾಲಿ ಬದಿಗೆ ಸಿಡಿದ ಕಾಳು ಗುಡಿಸಿರುತ್ತಿದ್ದಳು. ಹೊಸ ಪೊರಕೆ. ಮತ್ತೆ ಕಾರಿನ ಮುಂದೆ ನಡೆಯುವಳು. ಗೇಟಿನಲ್ಲಿ ತಮ್ಮ ನಿಂತಿದ್ದ. ಹಾದುಹೋದಾಗಲೆಲ್ಲ ಕೈ ಎತ್ತುತ್ತಿದ್ದ. ಸಮಯ ನೋಡುತ್ತಿರಲಿಲ್ಲ.

ನಡುವೆ ಎಲ್ಲೋ ನನ್ನ ಕಾಲು ಬ್ರೇಕಿನಿಂದ ಎದ್ದಿತ್ತು. ಯಾವ ಸುತ್ತಿನಲ್ಲಿ ಎಂದು ಗೊತ್ತಿಲ್ಲ. ಬಿಸಿಲೇರಿದ ಮೇಲೆ ಆಯಿ ಸಾಕು ಎಂದಳು. ಸೆರಗಿನಲ್ಲಿ ಎರಡು ಬೊಗಸೆ ಕಾಳು ತಂದು ಸೀಟಿನ ಮೇಲೆ ಸುರಿದಳು. ‘ಉಲ್ಟಾ ಗಿಲ್ಟಾ ಮಾಡಬ್ಯಾಡ್ರಿ’ ಎಂದಳು. ಮನೆಗೆ ನಾನೇ ನಡೆಸಿಕೊಂಡು ಬಂದೆ.

ಅಂದು ರಾತ್ರಿ ಉಂಡು ಎಂದಿನಂತೆ ಮಲಗಿದೆ. ಎಚ್ಚರವಾದಾಗ ಕಿಟಕಿಯ ಬಿಸಿಲು ಹಾಸಿಗೆಯ ಅರ್ಧಕ್ಕೆ ಬಂದಿತ್ತು. ಅವ್ವ ಬಾಗಿಲಲ್ಲಿ ನಿಂತು, ‘ಎಬ್ಬಸಲಿಲ್ಲ ನೋಡು. ಬಸ್ ಹೋಗ್ಯಾದ’ ಎಂದಳು. ಸೋಮವಾರ. ಮೊದಲ ತಾಸಿಗೇ ಪಾಠವಿತ್ತು. ಮುಖ ತೊಳೆದು, ಕೀಲಿ ತೆಗೆದುಕೊಂಡು, ಸೀಟಿನ ಮೇಲಿನ ತೊಗರಿಯನ್ನು ಒಂದು ಡಬ್ಬಿಗೆ ಬಳಿದು ಹಾಕಿ ಕಮಲಾಪುರಕ್ಕೆ ಹೊರಟೆ.