ಯಂತ್ರಕ್ಕೆ ಗೊಡಿ ಕಲಿಸಿದ ಪಾಠ

ಗೊಡಿ ಶ್ಟಾಲ್ಡರ್‌ನ ಬಲಗೈಯ ತೋರುಬೆರಳು ಇವತ್ತಿಗೂ ಡೊಂಕು. ಎಮ್ಮೆಂಟಾಲ್ ಬೆಟ್ಟದ ರೈತನೊಬ್ಬ ಅದನ್ನು ಕೊಟ್ಟಿಗೆ ಬಾಗಿಲ ಸಂದಿಗಿಟ್ಟು ಮುರಿದಾಗ ಗೊಡಿ ಇನ್ನೂ ಹಾಲುಗಲ್ಲದ ಹುಡುಗ. ಹಾಲಿನ ಕ್ಯಾನು ಉರುಳಿಸಿದ್ದೇ ತಪ್ಪು. ಬಡವರ ಮಕ್ಕಳನ್ನು ಊರಿನವರೇ ಹಿಡಿದು ರೈತರ ಮನೆಗೆ ಜೀತಕ್ಕೆ ಹಾಕುತ್ತಿದ್ದ ಕಾಲ ಅದು. ಆ ಪಾಪಿ ರೈತ ಕುದುರೆಯ ಬಾರಿನಿಂದ ಚರ್ಮ ಸುಲಿಯುವಂತೆ ಬಾರಿಸುತ್ತಿದ್ದ. ಚಳಿಗಾಲದಲ್ಲಿ ತಲೆಯನ್ನು ನೀರಿನ ತೊಟ್ಟಿಯೊಳಗೆ ಅದುಮಿ ಹಿಡಿಯುತ್ತಿದ್ದ. ವರ್ಷಕ್ಕೊಮ್ಮೆ ಊರಿನ ಕಡೆಯಿಂದ ಮೇಲ್ವಿಚಾರಕ ಬಂದು, ರೈತನ ಜೊತೆ ಹಂದಿಮಾಂಸ, ಹುರಿದ ಆಲೂಗಡ್ಡೆ ಬಾರಿಸಿ, ‘ಮಗುವನ್ನು ಚೆನ್ನಾಗಿ ನೋಡಿಕೊಂಡಿದ್ದಾರೆ’ ಎಂದು ಕಡತದಲ್ಲಿ ಗೀಚಿ ಹೋಗುತ್ತಿದ್ದ. ಮಗು ಬಾಗಿಲ ಹಿಂದೆ ನಿಂತು ರಕ್ತ ನೆಕ್ಕಿಕೊಳ್ಳುತ್ತಿತ್ತು.

ದೊಡ್ಡವನಾದ ಮೇಲೆ ಗೊಡಿಯ ಕೈಯೂ ಸುಮ್ಮನಿರಲಿಲ್ಲ. ಹೆಂಡದಂಗಡಿಯಲ್ಲಿ ಒಬ್ಬನ ಹಲ್ಲು ಉದುರಿಸಿ ಜೈಲು ಕಂಡ. ಹೆಂಡತಿಯ ಮೂಗು ಒಡೆದ ದಿನ ಅವಳು ಮಗಳನ್ನು ಎತ್ತಿಕೊಂಡು ಹೊರಟೇಹೋದಳು. ಒಳ್ಳೆಯದೇ ಮಾಡಿದಳು.

ವಿಶ್ವವಿದ್ಯಾಲಯದಲ್ಲಿ ಹಳೆಯ ಕೈಬರಹ ಓದುವುದನ್ನು ಯಂತ್ರಕ್ಕೆ ಕಲಿಸುವ ವಿಭಾಗವೊಂದಿದೆ. ಸಂಶೋಧಕರು ಎಂಥ ಕಾಗದ ತಂದರೂ ಅಲ್ಲಿನ ಕೊರಿನಾ ಎಂಬಾಕೆ ದಾರಿ ತೋರಿಸುತ್ತಾಳೆ. ಮೊದಲು ಮನುಷ್ಯರು ಕೆಲವು ಪುಟಗಳನ್ನು ಇದ್ದದ್ದು ಇದ್ದ ಹಾಗೆ ಟೈಪು ಮಾಡಿಕೊಡಬೇಕು. ಅದರಿಂದ ಕಲಿತು ಯಂತ್ರ ಉಳಿದ ಸಾವಿರಾರು ಪುಟಗಳನ್ನು ತಾನೇ ಓದುತ್ತದೆ. ಜೀತದ ಮಕ್ಕಳ ಕಡತಗಳಿಗೆ ಹಳೆಯ ಲಿಪಿ ಬಲ್ಲ ಮುದುಕರು ಬೇಕಾಗಿದ್ದಾರೆಂದು ಕೇಳಿ ಗೊಡಿ ಹೋದ. ಆ ಲಿಪಿಯನ್ನು ಅವನಿಗೆ ಮೇಷ್ಟ್ರು ಬೆತ್ತದಲ್ಲೇ ಕಲಿಸಿದ್ದರು.

ಆ ಕಡತಗಳಲ್ಲಿ ಎಲ್ಲಾದರೂ ಒಂದೇ ಒಂದು ಸಾಲಿನಲ್ಲಿ, ತನ್ನನ್ನು ಹೊಡೆದರೆಂದು ಬರೆದಿರಬೇಕು. ಅವನಿಗೆ ಬೇಕಿದ್ದುದು ಅಷ್ಟೇ. ಬರೆದಿರಲಿಲ್ಲ. ಪುಟಪುಟದಲ್ಲೂ ‘ಚೆನ್ನಾಗಿ ನೋಡಿಕೊಂಡಿದ್ದಾರೆ’. ಗೊಡಿಯ ಮೈಯೆಲ್ಲ ಉರಿದುಹೋಯಿತು. ಆ ಮಾತು ಬಂದಲ್ಲೆಲ್ಲ ಡೊಂಕು ಬೆರಳಿನಿಂದ ‘ಮಗುವನ್ನು ಹೊಡೆಯುತ್ತಾರೆ’ ಎಂದು ಕುಟ್ಟಿದ.

ಯಂತ್ರ ಪಾಪ, ನಿಯತ್ತಿನದು. ಜಿಲ್ಲೆಯ ಎಲ್ಲ ಮಕ್ಕಳ ಕಡತದಲ್ಲೂ ಹೊಡೆಯುತ್ತಾರೆ, ಹೊಡೆಯುತ್ತಾರೆ ಎಂದೇ ಓದಿತು. ಕಡತ ತಂದಿದ್ದ ಪ್ರೊಫೆಸರು ಸಾಕ್ಷಿ ಸಿಕ್ಕಿತೆಂದು ಮೊದಲು ಕುಣಿದಾಡಿದರು. ಆಮೇಲೆ ಮೂಲದೊಡನೆ ಹೋಲಿಸಿ ನೋಡಿ ಕೊರಿನಾಳ ಮೇಲೆ ಹರಿಹಾಯ್ದರು. ಅವಳು ಗೊಡಿಯನ್ನು ಕರೆಸಿದಳು.

“ನಿಮ್ಮ ಪುಟ ಎಲ್ಲಾ ಅಳಿಸ್ಬೇಕು ಗೊಡಿ. ಆ ಮೇಲ್ವಿಚಾರಕ ಬರೆದಿರೋದು ಸುಳ್ಳೇ ಇರಬಹುದು. ಆದ್ರೆ ಬರೆದಿರೋದು ಅದೇ.”

“ಸುಳ್ಳು ಅಂತ ಗೊತ್ತಿದ್ದೂ ಅದನ್ನೇ ಕಲಿಸ್ತೀಯಾ? ನೀನೂ ಅವನ ಎಂಜಲು ತಿನ್ನೋಳೇನಾ?”

ಎದ್ದವನೇ ಕೀಬೋರ್ಡನ್ನು ಗೋಡೆಗೆ ಅಪ್ಪಳಿಸಿದ. ಕುರ್ಚಿ ಒದ್ದು ಮುಷ್ಟಿ ಎತ್ತಿದ. ಕೊರಿನಾ ಮೊಣಕೈ ಮಡಚಿ ಮುಖಕ್ಕೆ ಅಡ್ಡ ಹಿಡಿದು ಮುದುಡಿಕೊಂಡಳು. ಕೊಟ್ಟಿಗೆಯಲ್ಲಿ ತಾನು ಹೀಗೇ ಮುದುಡುತ್ತಿದ್ದುದು ಗೊಡಿಗೆ ನೆನಪಾಯಿತು. ಎತ್ತಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ತನ್ನ ಮುಖಕ್ಕೇ ಹೊಡೆದುಕೊಂಡ, ತುಟಿ ಒಡೆಯುವವರೆಗೂ ಹೊಡೆದುಕೊಂಡ.

ಕೊರಿನಾ ಒಂದು ಖಾಲಿ ಹಾಳೆ ತಂದು ಅವನ ಮುಂದಿಟ್ಟಳು. ಇನ್ನೊಮ್ಮೆ ಕೈ ಎತ್ತಿದರೆ ಪೊಲೀಸರನ್ನು ಕರೆಸುವುದಾಗಿ ಮೊದಲೇ ಹೇಳಿದಳು.

“ಅವನ ಪುಟದಲ್ಲಿ ಬೇಡ. ನಿಮ್ಮ ಪುಟ ನೀವು ಬರೀರಿ. ಆ ಕಡತದ ಜೊತೇಲೇ ಇಡ್ತೀನಿ.”

ಗೊಡಿ ಬರೆದ. ಅವಳು ಅದನ್ನು ಯಂತ್ರಕ್ಕೆ ತೋರಿಸಿದಳು. ಡೊಂಕು ಬೆರಳಿನ ಅಕ್ಷರದ ತಲೆಬುಡ ತಿಳಿಯದೆ ಅದು ಏನೇನೋ ಬಡಬಡಿಸಿತು.

“ನೋಡಿದ್ಯಾ, ನನ್ನ ಮಾತು ಇದಕ್ಕೂ ಬೇಡ,” ಎಂದ ಗೊಡಿ.

“ನಿಮ್ಮ ಕೈ ಅದಕ್ಕೆ ಹೊಸದು. ಕಲಿಯೋಕೆ ಐವತ್ತು ಪುಟ ಆದ್ರೂ ಬೇಕು.”

ಗೊಡಿ ತುಟಿಯ ರಕ್ತ ಒರೆಸಿಕೊಂಡು ಇನ್ನೊಂದು ಹಾಳೆ ಎಳೆದುಕೊಂಡ.

“ಐವತ್ತಕ್ಕೆ ಮುಗಿಯಲ್ಲಮ್ಮ. ಇನ್ನೂ ಮೊದಲನೇ ಚಳಿಗಾಲದಲ್ಲೇ ಇದೀನಿ.”